ಮೂವತ್ತೊಂದನೇ ಸ್ಥಾನ

38 ಜನ ಇದ್ದ ರೇಸಿನಲ್ಲಿ 31ನೇ ಸ್ಥಾನ ಬರೋದಕ್ಕೆ ಯಾರಾದ್ರೂ ಮೋಸ ಮಾಡ್ತಾರಾ? ನಾನು ಮಾಡಿದ್ದೀನಿ.

ಕೆಲಸದ ಮೇಲೆ ಬೆಂಗಳೂರು ಬಿಟ್ಟು ಬೆಲ್ಜಿಯಂನ ಘೆಂಟ್‌ಗೆ ಬಂದು ಎರಡು ವರ್ಷ ಆಗಿತ್ತು. ಇಲ್ಲಿ ಸೆಪ್ಟೆಂಬರಿನಿಂದ ಫೆಬ್ರವರಿವರೆಗೆ ಭಾನುವಾರ ಟೀವಿ ಹಾಕಿದರೆ ಸೈಕ್ಲೋಕ್ರಾಸ್. ಹುಲ್ಲುಗಾವಲು, ಕಾಡು, ಮರಳುಗುಡ್ಡೆಯಲ್ಲಿ ಎರಡೂವರೆ ಮೂರು ಕಿಲೋಮೀಟರಿನ ಒಂದು ಸುತ್ತು ಗುರುತು ಹಾಕಿರ್ತಾರೆ. ನೋಡೋಕೆ ರೋಡ್ ಸೈಕಲ್ ಥರಾನೇ ಇರುವ, ಬಗ್ಗಿದ ಹ್ಯಾಂಡಲಿನ ಸೈಕಲ್. ದೊಡ್ಡ ರೇಸುಗಳಲ್ಲಿ ಟೈರಿನ ಅಗಲ 33 ಮಿಲಿಮೀಟರ್ ಮೀರೋ ಹಾಗಿಲ್ಲ. ನಡುವೆ ಮೊಣಕಾಲಿಗಿಂತ ತುಸು ಕೆಳಗೆ ಬರುವ ಹಲಗೆಗಳನ್ನು ಅಡ್ಡ ನಿಲ್ಲಿಸಿರ್ತಾರೆ. ಸೈಕಲ್ ಇಳಿದು, ಅದನ್ನು ಎತ್ತಿಕೊಂಡು ಹಾರಬೇಕು. ಗುಡ್ಡ ಹತ್ತೋಕಾಗದಿದ್ದರೆ ಹೆಗಲ ಮೇಲೆ ಹೊತ್ತು ಓಡಬೇಕು. ಇಲ್ಲಿಯವರ ಭಾಷೆಯಲ್ಲಿ ಈ ಆಟದ ಹೆಸರು ‘ವೆಲ್ಡ್‌ರೈಡನ್’, ಅಂದರೆ ಹೊಲದಲ್ಲಿ ಸವಾರಿ. ತೀರ್ಥಹಳ್ಳಿ ಕಡೆಯ ನನಗೆ ಅದು ಕೇಳಿದ ತಕ್ಷಣ ಕೆಸರುಗದ್ದೆ ಓಟ ಅಂತಲೇ ಅನಿಸಿತು. ಸೈಕಲ್ ಒಂದು ಹೆಚ್ಚು, ಚಳಿ ಒಂದು ಹೆಚ್ಚು.

ಸೆಕೆಂಡ್ ಹ್ಯಾಂಡ್ ಸೈಕಲ್ ಕೊಂಡೆ. ಘೆಂಟ್ ಪಕ್ಕದ ಒಂದು ಹಳ್ಳಿಯಲ್ಲಿ ಹವ್ಯಾಸಿಗಳ ರೇಸಿಗೆ ಹೆಸರು ಕೊಟ್ಟೆ. ಹೊಸಬರಿಗೆ ಸಾಲಿನಲ್ಲಿ ಹಿಂದಿನ ಜಾಗ. ಸೀಟಿ ಊದಿದ ಮೇಲೆ ಮೊದಲ 30 ಸೆಕೆಂಡ್ ಎಲ್ಲರೂ ಪ್ರಾಣ ಹೋಗೋ ಹಾಗೆ ತುಳೀತಾರೆ, ಯಾಕಂದ್ರೆ ಮುಂದೆ ದಾರಿ ಕಿರಿದಾಗುತ್ತೆ, ಓವರ್‌ಟೇಕ್ ಕಷ್ಟ. ನಾನೂ ತುಳಿದೆ. ಮೊದಲ ತಿರುವಿನಲ್ಲೇ ಬಿದ್ದೆ.

ಆಮೇಲೆ 40 ನಿಮಿಷ ಕೆಸರು. ಮಲೆನಾಡಿನಲ್ಲಿ ಹುಟ್ಟಿದವನಿಗೆ ಕೆಸರು ಹೊಸದೇನಲ್ಲ ಅಂದುಕೊಂಡಿದ್ದೆ. ನಮ್ಮ ಗದ್ದೆ ಕೆಸರು ಕಾಲು ಹಿಡಿದರೂ ಬಿಡುತ್ತೆ. ಇಲ್ಲಿಯ ಜೇಡಿಮಣ್ಣು ಹಿಡಿದರೆ ಬಿಡಲ್ಲ. ಬ್ರೇಕು, ಚೈನು, ಪೆಡಲು, ಎಲ್ಲಾ ಕಡೆ ಅಂಟಿ ಮೂರನೇ ಲ್ಯಾಪಿಗೆ ಸೈಕಲ್ ಹೊತ್ತರೆ ನೊಗ ಹೊತ್ತ ಹಾಗೆ. ಅನುಭವಸ್ಥರು ಎರಡು ಸೈಕಲ್ ಇಟ್ಟಿರ್ತಾರೆ. ಪಿಟ್‌ನಲ್ಲಿ ಕೊಳೆಯಾದದ್ದನ್ನು ಕೊಟ್ಟು ತೊಳೆದದ್ದನ್ನು ತಗೊಂಡು ಹೋಗ್ತಾರೆ, ಅಷ್ಟರಲ್ಲಿ ಅಪ್ಪನೋ ಹೆಂಡತಿಯೋ ಪ್ರೆಶರ್ ಪೈಪು ಹಿಡಿದು ಮೊದಲನೆಯದನ್ನು ತೊಳೀತಿರ್ತಾರೆ. ನನಗೆ ಇದ್ದದ್ದು ಒಂದೇ ಸೈಕಲ್. ಪಿಟ್‌ನಲ್ಲಿ ಕಾಯೋರೂ ಯಾರೂ ಇರಲಿಲ್ಲ.

ನಡೆದದ್ದು ನಾಲ್ಕನೇ ಲ್ಯಾಪಿನಲ್ಲಿ. ಒಂದು ಇಳಿಜಾರಿನಲ್ಲಿ ಟ್ರ್ಯಾಕ್ ಕೆಳಗಿನವರೆಗೆ ಹೋಗಿ, ಹೇರ್‌ಪಿನ್ ಥರ ತಿರುಗಿ, ಅದೇ ಇಳಿಜಾರಿನಲ್ಲಿ ವಾಪಸ್ ಹತ್ತುತ್ತಿತ್ತು. ಹೋಗುವ ದಾರಿಗೂ ಬರುವ ದಾರಿಗೂ ನಡುವೆ ಗೂಟ, ಗೂಟಕ್ಕೆ ಕಟ್ಟಿದ ಪ್ಲಾಸ್ಟಿಕ್ ಟೇಪ್. ನನ್ನ ಮುಂದೆ ಇಬ್ಬರು: ಕೆಂಪು ಜೆರ್ಸಿಯ ನಡುವಯಸ್ಸಿನವರು, ಮತ್ತು ಹದಿನೆಂಟು ತುಂಬಿದೆಯೋ ಇಲ್ಲವೋ ಅನ್ನುವ ಒಬ್ಬ ಹುಡುಗ. ಹಿಂದಿನ ಚಕ್ರ ಜಾರಿತು. ನಾನು, ಸೈಕಲ್ಲು ಒಟ್ಟಿಗೆ ಟೇಪಿನ ಅಡಿಯಿಂದ ಜಾರಿಕೊಂಡು ಆಚೆ ಬದಿಗೆ ಹೋಗಿ ಬಿದ್ವಿ. ಕಣ್ಣು ಒರೆಸಿಕೊಂಡು ನೋಡಿದರೆ ವಾಪಸ್ ಹತ್ತುವ ದಾರಿಯಲ್ಲಿದ್ದೀನಿ. ಅವರಿಬ್ಬರೂ ಇನ್ನೂ ಕೆಳಗಡೆ, ತಿರುವಿನಲ್ಲಿ ಸೈಕಲ್ ತಳ್ಳುತ್ತಾ ಇದ್ದಾರೆ.

ನಿಯಮ ಸರಳ. ಟ್ರ್ಯಾಕ್ ಬಿಟ್ಟು ಆಚೆ ಹೋದರೆ ಎಲ್ಲಿ ಬಿಟ್ಟೆಯೋ ಅಲ್ಲಿಂದಲೇ ಮತ್ತೆ ಒಳಗೆ ಬರಬೇಕು. ನನಗದು ಗೊತ್ತಿತ್ತು. ಸುತ್ತ ನೋಡಿದೆ. ಇಲ್ಲಿ ಗಮನಿಸಿ, ಮೊದಲು ಮಾಡಿದ ಕೆಲಸ ಸುತ್ತ ನೋಡಿದ್ದು. ಮಾರ್ಷಲ್ ಬೆನ್ನು ತಿರುಗಿಸಿ ಯಾರಿಗೋ ಏನೋ ಹೇಳ್ತಿದ್ದ. ಪ್ರೇಕ್ಷಕರೆಲ್ಲ ಬಿಯರ್ ಟೆಂಟಿನ ಹತ್ತಿರ. ಸೈಕಲ್ ಹೆಗಲಿಗೆ ಹಾಕಿಕೊಂಡು ಮೇಲಕ್ಕೆ ಓಡಿದೆ. ಜಾರಿದ್ದು ನನ್ನ ಕೈಯಲ್ಲಿರಲಿಲ್ಲ, ಸರಿ. ಓಡಿದ್ದು ಇತ್ತು.

ಕೊನೆಯ ಲ್ಯಾಪಿನಲ್ಲಿ ಆ ಹುಡುಗ ಬೆನ್ನ ಹಿಂದೆಯೇ ಉಸಿರು ಬಿಡ್ತಾ ಬಂದ. ದಾಟೋಕೆ ಬಿಡಲಿಲ್ಲ. ಆ ಕಡೆಯ ಐದು ನಿಮಿಷ ನಾನು ಜೀವನದಲ್ಲೇ ಅಷ್ಟು ಕಷ್ಟಪಟ್ಟಿರಲಿಲ್ಲ ಅನ್ನೋದು ನಿಜ. ಅದೇ ವಿಚಿತ್ರ. ಕದ್ದ ಜಾಗವನ್ನು ಪ್ರಾಮಾಣಿಕವಾಗಿ ಬೆವರು ಸುರಿಸಿ ಉಳಿಸಿಕೊಂಡೆ.

ಮುಗಿದ ಮೇಲೆ ಟೆಂಟಿನಲ್ಲಿ ಆಲೂಗಡ್ಡೆ ಫ್ರೈಸ್ ತಿಂತಾ ಕೂತಿದ್ದಾಗ ಹುಡುಗ ಬಂದು ಪಕ್ಕ ಕೂತ. ಅವನಿಗೂ ಅದು ಮೊದಲನೇ ರೇಸಂತೆ. ತನ್ನ ಪ್ಲೇಟ್ ನನ್ನ ಕಡೆ ತಳ್ಳಿದ. ಆಮೇಲೆ ಕೇಳಿದ: “ಆ ಇಳಿಜಾರಿನ ತಿರುವಿನಲ್ಲಿ ನೀನು ನನ್ನ ಹಿಂದೆ ಇದ್ದೆ. ಮೇಲೆ ಬಂದಾಗ ಮುಂದೆ ಇದ್ದೆ. ಯಾವ ಲೈನ್ ತಗೊಂಡೆ?”

ಸೈಕ್ಲೋಕ್ರಾಸಿನಲ್ಲಿ ‘ಲೈನ್’ ಅಂದರೆ ಎಲ್ಲಾ. ಒಂದೇ ತಿರುವಿನಲ್ಲಿ ಒಳಗಿಂದ ಹೋಗೋದಾ, ಹುಲ್ಲು ಉಳಿದಿರುವ ಅಂಚು ಹಿಡಿಯೋದಾ, ಹಳೇ ಚಕ್ರದ ಗುರುತಿನಲ್ಲೇ ಹೋಗೋದಾ ಅಂತ ಜನ ಗಂಟೆಗಟ್ಟಲೆ ಮಾತಾಡ್ತಾರೆ. ಹುಡುಗ ಕಲಿಯೋಕೆ ಕೇಳ್ತಿದ್ದ.

“ಒಳಗಡೆಯಿಂದ,” ಅಂದೆ.

ತಲೆ ಆಡಿಸಿದ. ಮುಂದಿನ ಸಲ ಟ್ರೈ ಮಾಡ್ತೀನಿ ಅಂದ.

ರಾತ್ರಿ ಊರಿಗೆ ಫೋನು. ಅಪ್ಪ ಕೇಳಿದ್ರು, “ಎಷ್ಟನೇದು ಬಂದ್ಯೋ?”

“31.”

“ಎಷ್ಟು ಜನದಲ್ಲಿ?”

“38.”

“ಹ್ಮ್. ಕಡೆಯಿಂದ ಎಂಟನೇದು ಅನ್ನು.” ಹಿಂದಿನಿಂದ ಅಮ್ಮ, “ಗೆಲ್ಲೋದು ಅತ್ಲಾಗಿರಲಿ, ಕೈಕಾಲು ಸರಿ ಇದ್ಯಾ ಕೇಳಿ” ಅಂದ್ರು. ಕೈಕಾಲು ಸರಿ ಇತ್ತು.

ಸೋಮವಾರ ಆಫೀಸಿನಲ್ಲಿ ಬೆಂಗಳೂರಿನವನೇ ಆದ ಗೆಳೆಯನಿಗೆ ಹೇಳಿದೆ. ಬಿದ್ದು ಬಿದ್ದು ನಕ್ಕ. “ಸಿಲ್ಕ್ ಬೋರ್ಡಲ್ಲಿ ಫುಟ್‌ಪಾತ್ ಮೇಲೆ ಗಾಡಿ ಓಡಿಸಿದವನು ನೀನು, ಈಗ ಪ್ಲಾಸ್ಟಿಕ್ ಟೇಪಿಗೆ ಅಳ್ತೀಯಾ?” ಅವನ ವಾದ ಇಷ್ಟು: ಬಹುಮಾನ ಇಲ್ಲ, ದುಡ್ಡಿಲ್ಲ, ಯಾರಿಗೂ ನಷ್ಟ ಇಲ್ಲ. ತಪ್ಪಿನ ಗಾತ್ರ ಅದರ ಪರಿಣಾಮದಷ್ಟೇ ಇರಬೇಕಲ್ವಾ? ಒಪ್ಪಬೇಕಾದ ಮಾತೇ. ಫುಟ್‌ಪಾತಿನಲ್ಲಿ ಗಾಡಿ ಓಡಿಸಿದ್ದು ನಿಜಕ್ಕೂ ದೊಡ್ಡ ತಪ್ಪು, ಅಲ್ಲಿ ನಡೆಯೋರಿಗೆ ಪೆಟ್ಟಾಗಬಹುದಿತ್ತು. ಆದರೆ ಅದರ ಬಗ್ಗೆ ಒಂದು ರಾತ್ರಿಯೂ ನಿದ್ದೆ ಕೆಟ್ಟಿರಲಿಲ್ಲ. ಈ ಲೆಕ್ಕದಲ್ಲಿ ನನ್ನ ಮನಸ್ಸಾಕ್ಷಿಯ ತಕ್ಕಡಿಯೇ ಸರಿ ಇಲ್ಲ.

ಕನಕದಾಸರ ಬಾಳೆಹಣ್ಣಿನ ಕಥೆ ನಿಮಗೂ ಗೊತ್ತಿರುತ್ತೆ. ಯಾರೂ ಇಲ್ಲದ ಕಡೆ ತಿಂದು ಬನ್ನಿ ಅಂತ ಗುರುಗಳು ಹೇಳಿದರು. ಒಬ್ಬ ಕೋಣೆಯಲ್ಲಿ ತಿಂದ, ಒಬ್ಬ ಮರದ ಹಿಂದೆ ತಿಂದ, ಕನಕ ಹಣ್ಣು ವಾಪಸ್ ತಂದ, ದೇವರಿಲ್ಲದ ಜಾಗ ಸಿಗಲಿಲ್ಲ ಅಂತ. ಶಾಲೆಯಲ್ಲಿ ಈ ಕಥೆಗೆ ಚಪ್ಪಾಳೆ ಹೊಡೆದವನೇ ನಾನು. ಈಗ ದೇವರ ವಿಷಯದಲ್ಲಿ ಅಷ್ಟು ಗಟ್ಟಿ ನಂಬಿಕೆ ಉಳಿದಿಲ್ಲ. ಹಾಗಾದ್ರೆ ನಾನು ಹಣ್ಣು ತಿನ್ನಬಹುದಾ? ನೋಡೋರೇ ಇಲ್ಲ ಅಂದ ಮೇಲೆ ಉಳಿಯೋದೇನು?

ಇದಕ್ಕೆ ಉತ್ತರ ಹುಡುಕ್ತಾ ಈ ಆಟದ ಇತಿಹಾಸ ಓದಿದೆ. ಓದಿ ಇನ್ನೂ ಗೊಂದಲ ಆಯ್ತು. ನೂರು ವರ್ಷಕ್ಕೂ ಹಿಂದೆ ಯುರೋಪಿನ ಸವಾರರು ಚಳಿಗಾಲದಲ್ಲಿ ಮೈ ಬೆಚ್ಚಗಿಟ್ಟುಕೊಳ್ಳೋಕೆ ಒಂದೂರಿಂದ ಇನ್ನೊಂದೂರಿಗೆ ಪಂದ್ಯ ಕಟ್ಟುತ್ತಿದ್ದರಂತೆ. ರಸ್ತೆಯಲ್ಲೇ ಹೋಗಬೇಕು ಅಂತೇನಿಲ್ಲ; ಹೊಲ ಹಾಯ್ದು, ಬೇಲಿ ಹಾರಿ, ಹೇಗಾದ್ರೂ ಮೊದಲು ಮುಟ್ಟಬೇಕು. ಡೇನಿಯಲ್ ಗುಸ್ಸೋ ಎಂಬ ಫ್ರೆಂಚ್ ಸೈನಿಕ 1902ರಲ್ಲಿ ಫ್ರಾನ್ಸಿನ ಮೊದಲ ರಾಷ್ಟ್ರೀಯ ಸ್ಪರ್ಧೆ ನಡೆಸಿದ. 1910ರ ಟೂರ್ ಡಿ ಫ್ರಾನ್ಸ್ ಗೆದ್ದ ಒಕ್ತಾವ್ ಲಾಪಿಜ್ ತನ್ನ ಗೆಲುವಿನಲ್ಲಿ ಈ ಚಳಿಗಾಲದ ಕೆಸರಿಗೂ ಪಾಲು ಇದೆ ಅಂದಮೇಲೆ ಇದಕ್ಕೆ ಹೆಸರು ಬಂತು. ಅಂದರೆ ಅಡ್ಡದಾರಿ ಹಿಡಿಯೋದರಿಂದಲೇ ಹುಟ್ಟಿದ ಆಟ ಇದು. ನಾನು ಮಾಡಿದ್ದು ಅವತ್ತಾದರೆ ಜಾಣತನ, ಇವತ್ತು ಮೋಸ. ವ್ಯತ್ಯಾಸ ಒಂದು ಪ್ಲಾಸ್ಟಿಕ್ ಟೇಪ್.

ಆದರೆ ಆ ಟೇಪ್ ತೆಗೆದುಬಿಟ್ಟರೆ ಅಲ್ಲಿ ಏನು ಉಳಿಯುತ್ತೆ ಅಂತ ಯೋಚಿಸಿದೆ. ಒಂದು ಹುಲ್ಲುಗಾವಲು. ಆರು ಡಿಗ್ರಿ ಚಳಿಯಲ್ಲಿ ಸೈಕಲ್ ಹೊತ್ತು ಓಡುವ 38 ಹುಚ್ಚರು. ರಸ್ತೆಯ ನಿಯಮ ಮುರಿದರೆ ರಸ್ತೆ ಇದ್ದೇ ಇರುತ್ತೆ. ಇಲ್ಲಿ ನಿಯಮ ಬಿಟ್ಟು ಬೇರೆ ವಸ್ತುವೇ ಇಲ್ಲ. ಬಹುಮಾನ ಇಲ್ಲ, ದುಡ್ಡಿಲ್ಲ ಅಂತ ಗೆಳೆಯ ಹೇಳಿದ್ದು ನನ್ನ ಪರವಾಗಿ ಅಂತ ಅಂದುಕೊಂಡಿದ್ದೆ. ಅದು ನನ್ನ ವಿರುದ್ಧವೇ ಇತ್ತು. ಬಹುಮಾನಕ್ಕೆ ಮೋಸ ಮಾಡಿದವನಿಗೆ ಕೈಯಲ್ಲಿ ಬಹುಮಾನವಾದರೂ ಇರುತ್ತೆ.

2016ರಲ್ಲಿ ಇಲ್ಲೇ ಝೋಲ್ಡರ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 19 ವರ್ಷದ ಒಬ್ಬ ಬೆಲ್ಜಿಯನ್ ಹುಡುಗಿಯ ಸೈಕಲ್ಲಿನ ಒಳಗೆ ಮೋಟಾರ್ ಸಿಕ್ಕಿತು. ಅದು ಗೆಳೆಯನ ಸೈಕಲ್, ತನ್ನದಲ್ಲ ಅಂದಳು. ಆರು ವರ್ಷ ನಿಷೇಧ ಆಯ್ತು. ಈ ಸುದ್ದಿ ಬಂದಾಗ ನಗು ಬಂದಿತ್ತು, ಸೈಕಲ್ಲಿಗೆ ಮೋಟಾರಾ! ಅಂತ. ಅವಳ ಹೆಸರು ಬರೆಯೋಕೆ ಈಗ ಮನಸ್ಸಿಲ್ಲ. ನನಗೆ ನಿಷೇಧ ಆಗಲಿಲ್ಲ ಅನ್ನೋದಕ್ಕೆ ಒಂದೇ ಕಾರಣ, ಮಾರ್ಷಲ್ ಬೆನ್ನು ತಿರುಗಿಸಿದ್ದು.

ಇನ್ನೊಂದು ವಿಷಯ, ಇದು ನಿಮ್ಮಲ್ಲಿ ಹಲವರಿಗೆ ಅರ್ಥ ಆಗುತ್ತೆ. ಪ್ರತಿ ವರ್ಷ ಅಪ್ರೈಸಲ್‌ನಲ್ಲಿ ನನಗೊಂದು ಅಂಕಿ ಸಿಗುತ್ತೆ. ಅದು ಹೇಗೆ ಬರುತ್ತೆ ಅಂತ ನನಗೂ ಗೊತ್ತು, ಮ್ಯಾನೇಜರಿಗೂ ಗೊತ್ತು. ಇಷ್ಟು ಜನಕ್ಕೆ ನಾಲ್ಕು, ಇಷ್ಟು ಜನಕ್ಕೆ ಮೂರು, ಕರ್ವ್ ಹೊಂದಬೇಕು, ಹೋದ ವರ್ಷ ನಿನಗೆ ಸಿಕ್ತಲ್ಲ, ಈ ವರ್ಷ ಅವನಿಗಿರಲಿ. ಆ ಅಂಕಿಯನ್ನು ಯಾರೂ ನಂಬಲ್ಲ, ಎಲ್ಲರೂ ಅದಕ್ಕಾಗಿ ಜಗಳ ಆಡ್ತೀವಿ. ಭಾನುವಾರ ಕೆಸರಿಗೆ ಹೋಗಿದ್ದೇ ಅದರಿಂದ ತಪ್ಪಿಸಿಕೊಳ್ಳೋಕೆ. ಇಲ್ಲಿ 33ನೆಯವನಾದರೆ 33ನೆಯವನೇ, ಅದಕ್ಕೆ ಯಾರ ಕೃಪೆಯೂ ಬೇಕಿಲ್ಲ, ಯಾರ ಹೊಟ್ಟೆಕಿಚ್ಚೂ ತಟ್ಟಲ್ಲ. ವರ್ಷಕ್ಕೊಂದಾದರೂ ನಂಬಬಹುದಾದ ಅಂಕಿ ಬೇಕಿತ್ತು. ಅದನ್ನು ನನ್ನ ಕೈಯಾರೆ ಅಪ್ರೈಸಲ್ ಮಾಡಿಕೊಂಡು ಬಂದೆ. ಕನಕರಿಗೆ ಕಂಡದ್ದು ದೇವರಿರಬಹುದು. ನನಗೆ ರಿಸಲ್ಟ್ ಶೀಟ್ ತೆರೆದಾಗಲೆಲ್ಲ ಕಂಡದ್ದು ನನಗೇ ನಂಬಿಕೆ ಇಲ್ಲದ ಇನ್ನೊಂದು ನಂಬರು.

ಆಯೋಜಕರಿಗೆ ಮೇಲ್ ಬರೆದೆ. ಫಲಿತಾಂಶ ಮುಗಿದುಹೋಗಿದೆ, ಬದಲಾಯಿಸಲ್ಲ, ಪ್ರಾಮಾಣಿಕತೆಗೆ ಥ್ಯಾಂಕ್ಸ್ ಅಂತ ಎರಡು ಸಾಲಿನ ಉತ್ತರ ಬಂತು. ಕೊನೆಗೆ ನಗುವ ಮುಖದ ಚಿಹ್ನೆ. ನನಗೆ ಹಗುರ ಆಗಬೇಕಿತ್ತು, ಆಗಲಿಲ್ಲ. ತಪ್ಪೊಪ್ಪಿಗೆಯನ್ನು ತಪ್ಪಾದ ವಿಳಾಸಕ್ಕೆ ಕಳಿಸಿದ್ದೆ. ಆಯೋಜಕರಿಗೆ ನಾನು ಸುಳ್ಳು ಹೇಳಿರಲಿಲ್ಲ.

ಮೂರು ವಾರದ ನಂತರ ಬೇರೆ ಹಳ್ಳಿ, ಬೇರೆ ಗದ್ದೆ. ಸಾಲಿನ ಹಿಂದುಗಡೆ ಹುಡುಗ ಇದ್ದ. ಕೆಂಪು ಜೆರ್ಸಿಯವರು ಬಂದಿರಲಿಲ್ಲ, ಅವರಿಗೆ ಇವತ್ತಿನವರೆಗೂ ಹೇಳೋಕಾಗಿಲ್ಲ. ಸ್ಟಾರ್ಟ್‌ಗೆ ಇನ್ನೂ ಎಂಟು ಹತ್ತು ನಿಮಿಷ ಇತ್ತು. ಪಕ್ಕಕ್ಕೆ ಹೋಗಿ ಎಲ್ಲಾ ಹೇಳಿದೆ: ಒಳಗಿನ ಲೈನ್ ಅಂತ ಏನೂ ಇರಲಿಲ್ಲ, ಟೇಪಿನ ಅಡಿಯಿಂದ ಬಂದೆ, ಸುಳ್ಳು ಹೇಳಿದೆ, ಸಾರಿ.

ಹುಡುಗ ನಗ್ತಾನೆ, ಬೆನ್ನು ತಟ್ಟಿ ಹೋಗಲಿ ಬಿಡು ಅಂತಾನೆ ಅಂದುಕೊಂಡಿದ್ದೆ. ನಿಜ ಹೇಳಬೇಕಂದ್ರೆ ಅದಕ್ಕೆ ತಯಾರಾಗಿಯೇ ಹೋಗಿದ್ದೆ. ಅವನು ನಗಲಿಲ್ಲ. ಸ್ವಲ್ಪ ಹೊತ್ತು ತನ್ನ ಮುಂದಿನ ಚಕ್ರ ನೋಡ್ತಾ ನಿಂತ.

“ಮಂಗಳವಾರ, ಗುರುವಾರ ಆ ಒಳಗಿನ ಲೈನನ್ನೇ ಪ್ರಾಕ್ಟೀಸ್ ಮಾಡಿದೆ,” ಅಂದ. “ಎರಡು ಸಲ ಬಿದ್ದೆ.”

ನನ್ನ ಹತ್ತಿರ ಮಾತಿರಲಿಲ್ಲ.

“ಹಾಗಾದ್ರೆ ನಾನು 32 ಅಲ್ಲ, 31.”

“ಹೌದು. 31.”

ಗ್ಲೌಸ್ ತೆಗೆದು, ಜೆರ್ಸಿಯ ಹಿಂದಿನ ಜೇಬಿನಿಂದ ಫೋನ್ ಹೊರಗೆ ತೆಗೆದ. ಚಳಿಗೆ ಬೆರಳು ಓಡ್ತಿರಲಿಲ್ಲ. ಏನೋ ಹುಡುಕಿ, ಅಳಿಸಿ, ನಿಧಾನವಾಗಿ ಟೈಪ್ ಮಾಡಿದ. ಫೋನನ್ನು ಪಿಟ್ ಹತ್ತಿರ ನಿಂತಿದ್ದ ಅವರಮ್ಮನ ಕೈಗೆ ಕೊಟ್ಟು, ಗ್ಲೌಸ್ ಹಾಕಿಕೊಂಡು ಬಂದು ನನ್ನ ಪಕ್ಕದಲ್ಲೇ ನಿಂತ.