ಕೆಲಸವಿಲ್ಲದ ಬಡಗಿಯ ಉಳಿ

‘ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದ’ ಎಂಬ ಗಾದೆ ನಮ್ಮಲ್ಲಿ ಬಳಕೆಯಾಗುವುದು ನಗುವುದಕ್ಕೆ. ಸುಮ್ಮನೆ ಕೂತವನು ಏನಾದರೂ ಕಿತಾಪತಿ ಮಾಡಿದಾಗ ತಾನಾಗಿ ಬಾಯಿಗೆ ಬರುವ ಮಾತು. ಬಡಗಿಯ ಬದಲು ಆಚಾರಿ ಎನ್ನುವವರೂ ಉಂಟು. ಮಗನ ಗತಿ ಮಾತ್ರ ಎಲ್ಲ ಕಡೆಯೂ ಒಂದೇ.

ನಕ್ಕು ಮುಗಿದ ಮೇಲೆ ಗಾದೆಯನ್ನು ಇನ್ನೊಮ್ಮೆ ಕೇಳಿಸಿಕೊಳ್ಳಬೇಕು. ಅದು ಬಡಗಿಯನ್ನು ಸೋಮಾರಿ ಎನ್ನುವುದಿಲ್ಲ. ಸೋಮಾರಿಯಾಗಿದ್ದರೆ ಉಳಿ ಮೂಲೆ ಸೇರಿ ಮಗ ಬಚಾವಾಗುತ್ತಿದ್ದ. ಇವನ ಕೈಗೆ ಕಸುಬು ಗೊತ್ತು, ಉಳಿ ಹರಿತವಾಗಿದೆ, ಹೊತ್ತು ಬೇಕಾದಷ್ಟಿದೆ. ಇಲ್ಲದ್ದು ಮರ. ಮರ ಸಿಗದ ಉಳಿ ಹತ್ತಿರ ಇದ್ದವರ ಮೇಲೆ ಬೀಳುತ್ತದೆ, ಹತ್ತಿರ ಇರುವವರು ಮನೆಯವರು. ಚಹಾ ತಡವಾಯಿತೆಂದು ತಾಯಿಯ ಮೇಲೆ ಹಾರಾಡುವ ಪದವೀಧರ ಮಗನ ಸಿಟ್ಟು ಚಹಾದ್ದಲ್ಲ.

ಹತ್ತಿರ ಯಾರೂ ಇಲ್ಲದವರು ತಮ್ಮನ್ನೇ ಕೆತ್ತಿಕೊಳ್ಳುತ್ತಾರೆ. ಧಾರವಾಡದ ಸಪ್ತಾಪುರದ, ಬೆಂಗಳೂರಿನ ವಿಜಯನಗರದ ಬಾಡಿಗೆ ಕೋಣೆಗಳಲ್ಲಿ ಸರ್ಕಾರಿ ನೌಕರಿಗೆ ಓದುವವರನ್ನು ನೋಡಿ. ನೋಟಿಫಿಕೇಶನ್ ಬರುವುದಿಲ್ಲ, ಬಂದರೆ ಪರೀಕ್ಷೆ ಮುಂದೆ ಹೋಗುತ್ತದೆ. 2024ರ ಆಗಸ್ಟ್‌ನಲ್ಲಿ ಕೆಪಿಎಸ್‌ಸಿ ನಡೆಸಿದ ಗೆಜೆಟೆಡ್ ಪ್ರೊಬೇಷನರ್ ಪೂರ್ವಭಾವಿ ಪರೀಕ್ಷೆಯ ಕನ್ನಡ ಪ್ರಶ್ನೆಗಳಲ್ಲಿ ಅನುವಾದದ ತಪ್ಪುಗಳಿದ್ದವು. ಡಿಸೆಂಬರ್‌ನಲ್ಲಿ ಅಭ್ಯರ್ಥಿಗಳು ಮತ್ತೆ ಬರೆಯಬೇಕಾಯಿತು. ತಪ್ಪು ಓದಿದವರದಲ್ಲ. ಆದರೂ ರಾತ್ರಿ ಒಬ್ಬನೇ ಕೂತಾಗ ಹುಡುಗ ಹೇಳಿಕೊಳ್ಳುವುದು ‘ನನ್ನ ಕಡೆಯಿಂದ ಆಗೂದಿಲ್ಲ’ ಎಂದೇ.

ಇಂಥವರಿಗೆ ‘ಪಾಸಿಟಿವ್ ಆಗಿರಿ’ ಎಂದು ಭಾಷಣ ಬಿಗಿಯುವವರನ್ನು ಕಂಡರೆ ನನಗೆ ರೇಗುತ್ತದೆ. ಉಳಿಯನ್ನು ಇನ್ನಷ್ಟು ಮಸೆದುಕೊಟ್ಟು ಹೋಗುವ ಜನ ಅವರು.

ಕೆಲಸ ಹೋದಾಗ ಹೊತ್ತು ಏನಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡು ಬರೆದವರಿದ್ದಾರೆ. ಆಸ್ಟ್ರಿಯಾದ ವಿಯೆನ್ನಾ ಹತ್ತಿರದ ಮರಿಯೆಂಥಾಲ್ ಎಂಬ ಹಳ್ಳಿ ಒಂದೇ ಬಟ್ಟೆ ಗಿರಣಿಯನ್ನು ನಂಬಿತ್ತು. ಜಗತ್ತಿನ ಆರ್ಥಿಕ ಕುಸಿತದಲ್ಲಿ ಗಿರಣಿ ಮುಚ್ಚಿತು, ಊರಿಗೆ ಊರೇ ನಿರುದ್ಯೋಗಿಯಾಯಿತು. ಮರಿ ಯಾಹೋಡಾ, ಪೌಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಜೈಸೆಲ್ ತಮ್ಮ ಸಂಗಡಿಗರೊಂದಿಗೆ ಅಲ್ಲಿ ಅಧ್ಯಯನ ಮಾಡಿ 1933ರಲ್ಲಿ ಪುಸ್ತಕ ಪ್ರಕಟಿಸಿದರು. ಓದಲು ಬೇಕಾದಷ್ಟು ಬಿಡುವು ಸಿಕ್ಕಿದ ಮೇಲೂ ಆ ಊರಿನ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಸುಮಾರು ಅರ್ಧಕ್ಕೆ ಇಳಿದಿತ್ತು. ಹೆಚ್ಚಿನ ಗಂಡಸರು ಗಡಿಯಾರ ಇಟ್ಟುಕೊಳ್ಳುವುದನ್ನೇ ಬಿಟ್ಟಿದ್ದರು. ಬೀದಿಯಲ್ಲಿ ನಡೆಯುವಾಗ ಮತ್ತೆ ಮತ್ತೆ ನಿಲ್ಲುತ್ತಿದ್ದರು. ಹೆಂಗಸರ ನಡಿಗೆ ಚುರುಕಾಗಿಯೇ ಇತ್ತು, ಏಕೆಂದರೆ ಒಲೆ, ಬಟ್ಟೆ, ಮಕ್ಕಳು ಅವರನ್ನು ಬಿಟ್ಟಿರಲಿಲ್ಲ. (ನಮ್ಮಲ್ಲೂ ಅಷ್ಟೇ: ಓದು ಮುಗಿಸಿ ಕೆಲಸ ಹುಡುಕುತ್ತಿರುವ ಮಗಳನ್ನು ನಿರುದ್ಯೋಗಿ ಎಂದು ಯಾರೂ ಎಣಿಸುವುದಿಲ್ಲ, ಅಡುಗೆಮನೆ ಅವಳ ಪಾಲಿಗೆ ಬಂದಿರುತ್ತದೆ.)

ಯಾಹೋಡಾ ಮುಂದೆ ಇದನ್ನೇ ಬೆಳೆಸಿದರು. ನೌಕರಿ ಸಂಬಳದ ಜೊತೆಗೆ ದಿನಕ್ಕೊಂದು ಕಟ್ಟು, ಮನೆಯಾಚೆಯ ನಾಲ್ಕು ಜನ, ನಾಲ್ವರೊಂದಿಗೆ ಸೇರಿ ಮುಟ್ಟುವ ಒಂದು ಗುರಿ, ಊರಿನಲ್ಲೊಂದು ಸ್ಥಾನ, ಕೈಗೆ ಬಿಡುವಿಲ್ಲದ ದುಡಿಮೆ ಇವನ್ನೂ ಕೊಡುತ್ತದೆ. ಸಂಬಳ ನಿಂತ ದಿನವೇ ಇವೆಲ್ಲವೂ ನಿಲ್ಲುತ್ತವೆ. 2024ರ ಜನವರಿಯಲ್ಲಿ ನಮ್ಮ ರಾಜ್ಯ ಶುರುಮಾಡಿದ ಯುವನಿಧಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಆದವರಿಗೆ 1,500 ರೂಪಾಯಿ ಕೊಡುತ್ತದೆ. ಮೆಸ್ಸಿನ ಬಾಕಿ ತೀರಿಸಲು ಅದು ಬೇಕು, ಬೇಡವೆನ್ನುವವರು ಹಸಿವು ಕಾಣದವರು. ಆದರೆ ಬೆಳಿಗ್ಗೆ ಒಂಬತ್ತಕ್ಕೆ ಹೊರಟು ಹೋಗಬೇಕಾದ ಜಾಗವನ್ನು ಅದು ಕೊಡಲಾರದು.

ಹಾಗಾಗಿ ಗಾದೆಯ ಬಡಗಿಗೆ ನಾನಾಗಿದ್ದರೆ ಧೈರ್ಯ ಹೇಳುತ್ತಿರಲಿಲ್ಲ, ಒಂದು ತುಂಡು ಮರ ಕೊಡುತ್ತಿದ್ದೆ. ಹಲಸೋ ತೇಗವೋ ಆಗಬೇಕಿಲ್ಲ, ಸೌದೆಗೆ ಬಿದ್ದದ್ದೂ ಆದೀತು. ಇಂಥ ಹೊತ್ತಿಗೆ ಶುರು, ಇಂಥ ಹೊತ್ತಿಗೆ ಮುಕ್ತಾಯ, ಕಾಯುವವರು ಇನ್ನೊಬ್ಬರು: ಇಷ್ಟಿದ್ದರೆ ದಿನಕ್ಕೆ ಬೆನ್ನೆಲುಬು ಬರುತ್ತದೆ. ಅರ್ಜಿ ಹಾಕುವ ಕೆಲಸವನ್ನೂ ಬೆಳಗಿನ ಎರಡು ಗಂಟೆಗಳ ಅವಧಿಗೆ ಕಟ್ಟಿಹಾಕಬೇಕು. ದಿನವಿಡೀ ಮೊಬೈಲ್ ತಿಕ್ಕುತ್ತಾ ಕೂತರೆ ಕೆಲಸ ಹುಡುಕಿದ ಆಯಾಸ ಬರುತ್ತದೆ, ಹುಡುಕಿದ ಹಾಗಾಗುವುದಿಲ್ಲ.

ಮರ ಕೊಡುವುದು ಮನೆಯವರ ಕೈಯಲ್ಲೂ ಇದೆ. ಮಗ ಹೊಸಿಲು ದಾಟಿದೊಡನೆ ‘ಏನಾಯ್ತೋ?’ ಎಂದು ಕೇಳುವುದನ್ನು ಇವತ್ತೇ ನಿಲ್ಲಿಸಿ. ಪಕ್ಕದ ಮನೆಯ ಎಸ್ಸೆಸ್ಸೆಲ್ಸಿ ಹುಡುಗಿಗೆ ಸಂಜೆ ಆರಕ್ಕೆ ಗಣಿತ ಹೇಳಿಕೊಡಲು ಹೇಳಿ. ಆರೂಕಾಲಿಗೆ ಹೋದರೆ ಬೈಯಿರಿ.