ಬಲ್ಲವನ ಭಯ

ಭಯಕ್ಕೆ ಅಜ್ಞಾನವೇ ಮೂಲವೆಂದು ವೇದಾಂತಿಗಳು ಹೇಳುವರು. ಮಬ್ಬಿನಲ್ಲಿ ಹಗ್ಗವನ್ನು ಹಾವೆಂದು ಬಗೆದವನು ನಡುಗುವನು. ದೀಪ ತಂದು ನೋಡಿದರೆ ಹಾವಿಲ್ಲ. ಹಾವಿಲ್ಲವೆಂದು ತಿಳಿದ ಮೇಲೂ ನಡುಕವು ಕೆಲವು ಕಾಲ ನಿಲ್ಲುವುದೆಂಬುದನ್ನು ಅವರೇ ಒಪ್ಪಿರುವರು. ಆದರೆ ಹಗ್ಗವೆಂದು ಮೊದಲೇ ಬಲ್ಲವನಲ್ಲಿ ನಡುಕವು ಹೊಸದಾಗಿ ಹುಟ್ಟಿದರೆ ಏನೆನ್ನಬೇಕು?

ಈ ಪ್ರಶ್ನೆಗೆ ಎಡೆಗೊಡುವ ಯಂತ್ರವೊಂದು ಇಂಗ್ಲೆಂಡಿನ ಆಲ್ಟನ್ ಟವರ್ಸ್ ಎಂಬ ವಿಹಾರೋದ್ಯಾನದಲ್ಲಿ 1998ನೆಯ ಇಸವಿಯಲ್ಲಿ ಆರಂಭವಾಯಿತು. ಅದು ರೋಲರ್ ಕೋಸ್ಟರ್ ಎಂಬ ಜಾತಿಯದು. ಹೆಸರು ಆಬ್ಲಿವಿಯನ್, ಎಂದರೆ ವಿಸ್ಮೃತಿ. ಸರಪಳಿಯು ಬಂಡಿಯನ್ನು ಮೇಲಕ್ಕೆಳೆಯುವುದು. ತುದಿಯಲ್ಲಿ ಬಂಡಿಯು ಮುಂದಕ್ಕೆ ಬಾಗಿ, ಕುಳಿತವರ ಕಣ್ಣು ಕೆಳಗಿನ ಕಗ್ಗತ್ತಲೆಯ ಬಿಲದಲ್ಲಿ ನೆಟ್ಟಿರುವಾಗ, ಕೆಲವು ಕ್ಷಣ ನಿಂತುಬಿಡುವುದು. ಆಮೇಲೆ ಬಹುಮಟ್ಟಿಗೆ ನೆಟ್ಟನೆಯ 180 ಅಡಿಗಳ ಪತನ. ವೇಗವು ಗಂಟೆಗೆ 68 ಮೈಲಿ. ಅಲ್ಲಿ ಕಟ್ಟಡಗಳು ಮರಗಳ ತಲೆಯನ್ನು ಮೀರಲಾಗದ ಕಾರಣ ಎತ್ತರವನ್ನು ನೆಲದೊಳಕ್ಕೆ ಅಗೆದು ಪಡೆದರು. 2005ರಲ್ಲಿ ಅಮೆರಿಕದ ಫ್ಲಾರಿಡಾ ಪ್ರಾಂತದಲ್ಲಿ ಆರಂಭವಾದ ಷೈಕ್ರಾ ಎಂಬುದು 200 ಅಡಿ, ತೂಗುಗುಂಡಿನ ದಾರದಷ್ಟೇ ನೇರವಾಗಿ ಇಳಿಯುವುದು.

ಹತ್ತಿದವನಿಗೆ ತಿಳಿಯದುದು ಯಾವುದಿದೆ? ಗಾಲಿಗಳು ಕಂಬಿಯನ್ನು ಮೇಲಿನಿಂದಲೂ ಪಕ್ಕದಿಂದಲೂ ಅಡಿಯಿಂದಲೂ ಹಿಡಿದಿರುವುವು. ಹೆಗಲಮೇಲೆ ಉಕ್ಕಿನ ತಡೆಯಿರುವುದು. ಮುಂಚೆ ಹೋದವರು ನಗುತ್ತ ಹಿಂದಿರುಗಿದುದನ್ನು ಕಣ್ಣಾರೆ ಕಂಡಿರುವನು. ಆದರೂ ಆ ಅಂಚಿನಲ್ಲಿ ಬಾಯಿ ಒಣಗುವುದು, ಎದೆ ಹೊಡೆದುಕೊಳ್ಳುವುದು. ಬೀಳುವಾಗ ಆಸನವು ದೇಹದ ಭಾರವನ್ನು ಹೊರುವುದಿಲ್ಲ. ಒಳಗಿವಿಯೂ ಜಠರವೂ ಆ ಸುದ್ದಿಯನ್ನು ಸಾರುವುವು. ಈ ದೂತರು ಬುದ್ಧಿಯ ಅಪ್ಪಣೆಗಾಗಿ ಕಾಯುವವರಲ್ಲ.

ನಾಟಕದ ಭಯಾನಕರಸದಂತೆ ಇದೂ ಒಂದು ರಸವಲ್ಲವೆ ಎನ್ನಬಹುದು. ಅಲ್ಲ. ರಂಗದ ರಾಕ್ಷಸನು ಪ್ರೇಕ್ಷಕನ ಕೊರಳಿಗೆ ಕೈಹಾಕುವುದಿಲ್ಲ. ಇಲ್ಲಿಯ ಭಯವು ಸ್ವಂತದ್ದು. ಆನಂದವು ಭಯದಲ್ಲಿಲ್ಲ, ಅದರ ಬಿಡುಗಡೆಯಲ್ಲಿದೆ.

ಹಾಗಾದರೆ ಹತ್ತಿದವನು ಧೀರನೆ? ತಡೆಯು ಬಿಗಿದ ಮೇಲೆ ಅವನು ಮಾಡಬೇಕಾದುದೇನೂ ಉಳಿಯದು. ಶೂರನೂ ಹೇಡಿಯೂ ಒಂದೇ ವೇಗದಲ್ಲಿ ಬೀಳುವರು. ಆದುದರಿಂದ ಇಳಿದುಬಂದವನು ಜಂಬಕೊಚ್ಚಲು ಕಾರಣವಿಲ್ಲ. ಸಾಲಿನಿಂದ ಹಿಂದೆಗೆದ ಬಾಲಕನನ್ನು ಹಂಗಿಸಲು ಯಾರಿಗೂ ಅಧಿಕಾರವಿಲ್ಲ.

ಈ ವಿನೋದದಿಂದ ಕಲಿಯಬೇಕಾದ ಪಾಠವು ಗಂಭೀರವಾದುದು. ಬುದ್ಧಿಯು ಒಪ್ಪಿದುದನ್ನು ದೇಹವು ಒಪ್ಪಲೇಬೇಕೆಂಬ ನಿಯಮವಿಲ್ಲ. ಆತ್ಮವು ನಿತ್ಯವೆಂದು ಜೀವಮಾನವೆಲ್ಲ ಪಾಠ ಹೇಳಿದ ವೃದ್ಧನು ಕೊನೆಯ ಹಾಸಿಗೆಯಲ್ಲಿ ಮಗನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರೆ, ಸುತ್ತಲಿನವರು, "ಇಷ್ಟು ಓದಿಯೂ ಭಯವೆ?" ಎಂದು ಪಿಸುಗುಟ್ಟುವುದುಂಟು. ಅವನು ಓದಿದುದು ಸುಳ್ಳಾಗಲಿಲ್ಲ. ಸುರಕ್ಷಿತವೆಂದು ಬಲ್ಲ ಬಂಡಿಯಲ್ಲಿ ಕೆಲವು ಕ್ಷಣ ಬೀಳುವುದಕ್ಕೇ ದೇಹವು ಇಷ್ಟು ಹೆದರುವುದಾದರೆ, ಯಾರೂ ಹಿಂದಿರುಗಿ ಬಂದು ವರ್ತಮಾನ ಹೇಳದ ಇಳಿತಕ್ಕೆ ಹೆದರಿದವನನ್ನು ಅಜ್ಞಾನಿಯೆನ್ನುವುದು ನ್ಯಾಯವೆ?

ನಡುಕವು ಮನುಷ್ಯನ ಅಧೀನವಲ್ಲ, ನಡತೆಯು ಅಧೀನವಾದುದು. ಯಂತ್ರದಲ್ಲಿ ಕೈಕಟ್ಟಿ ಕುಳಿತವನಿಗೆ ಧೈರ್ಯದ ಪರೀಕ್ಷೆಯೇ ಇಲ್ಲ. ಸಂಸಾರದಲ್ಲಿ ಕೈಗಳು ಬಿಡುವಾಗಿರುವುವು. ಅವು ನಡುಗುತ್ತಿರುವಾಗಲೇ ಮಾಡಬೇಕಾದುದನ್ನು ಮಾಡಿದವನು ಧೀರನು. ನಡುಗುವ ಕೈಯನ್ನು ಹೀಯಾಳಿಸದೆ ಹಿಡಿದವನು ಜ್ಞಾನಿಯು.