ಗುಂಡನಿಗೆ ಚಳಿಗಾಲ ಬೇಕೇ?

ಕಳೆದ ಡಿಸೆಂಬರಿನಲ್ಲಿ ಒಂದು ರಾತ್ರಿ ಇಂಗ್ಲೆಂಡಿನಿಂದ ತಂಗಿಯ ಮಗಳ ವಿಡಿಯೊ ಕಾಲ್ ಬಂತು. ಹನ್ನೊಂದು ವರ್ಷದ ಹುಡುಗಿ. ಅವಳು ಒಂದು ಹಲ್ಲಿ ಸಾಕಿದ್ದಾಳೆ, ಹೆಸರು ಗುಂಡ. ನಮ್ಮ ಗೋಡೆಯ ಹಲ್ಲಿಯಲ್ಲ, ಲೆಪರ್ಡ್ ಗೆಕ್ಕೊ. ಹಳದಿ ಮೈ, ಕಪ್ಪು ಚುಕ್ಕೆ, ಮೂಲಂಗಿಯಂಥ ದಪ್ಪ ಬಾಲ. ಅದಕ್ಕೆ ಕಣ್ಣರೆಪ್ಪೆ ಇದೆ, ಆದರೆ ಬೆರಳಲ್ಲಿ ಅಂಟುವ ಶಕ್ತಿ ಇಲ್ಲ. ಹಾಗಾಗಿ ಗೋಡೆ ಏರಲಾರದು, ನೆಲದ ಮೇಲೇ ಅದರ ಸಂಸಾರ. ಮೂಲ ಊರು ಅಫ್ಘಾನಿಸ್ತಾನ, ಪಾಕಿಸ್ತಾನದ ಕಡೆಯ ಒಣ ಕಲ್ಲುಗುಡ್ಡಗಳು. ಗುಂಡನಿಗೆ ಈಗ ಒಂಬತ್ತು ವರ್ಷ. ಊರು ಬಿಟ್ಟು ಹೋಗುವಾಗ ಪಕ್ಕದ ಮನೆಯವರು ಇವಳಿಗೆ ಕೊಟ್ಟು ಹೋದದ್ದು.

"ಮಾಮಾ, ಗುಂಡನ ಪೆಟ್ಟಿಗಿ ಹೀಟರ್ ಎರಡು ತಿಂಗಳು ಆರಿಸಿಟ್ರ ಅದು ಜಾಸ್ತಿ ವರ್ಷ ಬದುಕ್ತದಂತ, ಖರೇನ?"

ನಾನು ಧಾರವಾಡದಲ್ಲಿ ಬಹಳ ವರ್ಷ ಪ್ರಾಣಿಶಾಸ್ತ್ರ ಕಲಿಸಿದವನು. ಮನೆಯಲ್ಲಿ ಇಂಥ ಪ್ರಶ್ನೆಗಳೆಲ್ಲ ನನ್ನ ಪಾಲಿಗೇ ಬರುತ್ತವೆ. ಓದಿ ಹೇಳುತ್ತೇನೆ ಎಂದೆ. ಅಡುಗೆಮನೆಯಿಂದ ಅವ್ವನ ದನಿ ಬಂತು: "ಆ ಹಲ್ಲಿಗೆ ಎಷ್ಟು ವರ್ಷ ಬೇಕಾಗ್ಯಾವಂತ, ಅದನ್ನ ಕೇಳೀರೇನು?"

ಅವ್ವನಿಗೆ ಎಂಬತ್ತೆರಡು. ಅವಳ ಪ್ರಶ್ನೆಯನ್ನು ಆಗ ನಕ್ಕು ಬಿಟ್ಟೆ.

ಧಾರವಾಡದಲ್ಲಿ ಡಿಸೆಂಬರ್, ಜನವರಿಯ ನಸುಕಿನಲ್ಲಿ ಉಷ್ಣಾಂಶ ಕೆಲವೊಮ್ಮೆ 12–13 ಡಿಗ್ರಿಗೆ ಇಳಿಯುತ್ತದೆ. ಬೇಸಿಗೆಯಲ್ಲಿ ಟ್ಯೂಬ್‌ಲೈಟಿನ ಸುತ್ತ ಐದಾರು ಕೂಡುತ್ತಿದ್ದ ಹಲ್ಲಿಗಳು ಆಗ ಕ್ಯಾಲೆಂಡರ್ ಹಿಂದೆ, ಹಂಚಿನ ಸಂದಿಯಲ್ಲಿ ಸೇರಿಕೊಳ್ಳುತ್ತವೆ. ಲೊಚಗುಟ್ಟುವುದೂ ಕಡಿಮೆ. ಮಾತಾಡುವಾಗ ಹಲ್ಲಿ ನುಡಿದರೆ ಮಾತು ಖರೆ ಎಂದು ನಂಬುವ ನಮ್ಮಂಥವರ ಮನೆಯಲ್ಲಿ ಚಳಿಗಾಲವೆಂದರೆ ಸಾಕ್ಷಿ ಸಿಗದ ಕಾಲ. ಯಾರೂ ಅವುಗಳ ಹೀಟರ್ ಆರಿಸಿಲ್ಲ. ಮೈ ತಣ್ಣಗಾದರೆ ಅವುಗಳ ಹಸಿವು, ಉಸಿರು, ಓಡಾಟ ಎಲ್ಲವೂ ತಾವಾಗಿಯೇ ನಿಧಾನವಾಗುತ್ತವೆ.

ನಿಧಾನವಾದರೆ ಆಯುಷ್ಯ ಬೆಳೆಯುತ್ತದೆಯೇ? ಇದು ಹಳೆಯ ಪ್ರಶ್ನೆ. 1917ರಲ್ಲಿ ಲೋಬ್ ಮತ್ತು ನಾರ್ಥ್ರಪ್ ಎಂಬಿಬ್ಬರು ಹಣ್ಣಿನ ನೊಣಗಳನ್ನು ಬೇರೆ ಬೇರೆ ಉಷ್ಣಾಂಶದಲ್ಲಿ ಬೆಳೆಸಿದರು. ತಂಪಿನಲ್ಲಿದ್ದವು ಬಿಸಿಯಲ್ಲಿದ್ದವಕ್ಕಿಂತ ಹಲವು ಪಟ್ಟು ಹೆಚ್ಚು ದಿನ ಬದುಕಿದವು. 1928ರಲ್ಲಿ ರೇಮಂಡ್ ಪರ್ಲ್ ಈ ವಿಚಾರದ ಮೇಲೆ ಒಂದು ಪುಸ್ತಕವನ್ನೇ ಬರೆದ: ಬದುಕಿನ ವೇಗ ಹೆಚ್ಚಿದಷ್ಟೂ ಬದುಕು ಗಿಡ್ಡ. ದೀಪದ ಎಣ್ಣೆಯ ಲೆಕ್ಕ ಬಲ್ಲ ನಮಗೆ ಇದು ಥಟ್ಟನೆ ಹಿಡಿಸುತ್ತದೆ. ಹಿಡಿಸುವ ಮಾತೆಲ್ಲ ಪೂರ್ತಿ ಖರೆ ಇರುವುದಿಲ್ಲ. 2020ರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜಾತಿಯ ಕಶೇರುಕಗಳನ್ನು ಹೋಲಿಸಿ ನೋಡಿದಾಗ ಚಯಾಪಚಯದ ವೇಗಕ್ಕೂ ಆಯುಷ್ಯಕ್ಕೂ ಪರ್ಲ್ ಹೇಳಿದಂಥ ನಂಟು ಸಿಗಲಿಲ್ಲ. ಆದರೆ ಶೀತರಕ್ತದ ಪ್ರಾಣಿಗಳಲ್ಲಿ ಮಾತ್ರ, ತಂಪು ಸೀಮೆಯಲ್ಲಿರುವ ಜಾತಿಗಳು ಹೆಚ್ಚು ಕಾಲ ಬದುಕುತ್ತವೆ ಎಂಬುದು ಉಳಿಯಿತು. ನ್ಯೂಜಿಲೆಂಡಿನ ಮೊಟುನೌ ಎಂಬ ಪುಟ್ಟ ದ್ವೀಪದಲ್ಲಿ 1960ರ ದಶಕದಲ್ಲಿ ಗುರುತು ಹಾಕಿ ಬಿಟ್ಟಿದ್ದ ಎರಡು ಹಲ್ಲಿಗಳು 2025ರಲ್ಲಿ ಮತ್ತೆ ಸಿಕ್ಕವು. ಎರಡೂ ಅರವತ್ತರ ಗಡಿ ಮುಟ್ಟಿದ್ದವು. ಗುರುತು ಹಾಕಿದ ವಿಜ್ಞಾನಿ ಆ ಹೊತ್ತಿಗೆ ತೀರಿಕೊಂಡಿದ್ದರು. ಅತ್ತ ಫ್ರಾನ್ಸಿನಲ್ಲಿ ಒಂದು ಜಾತಿಯ ಓತಿಗಳನ್ನು ಎರಡು ಡಿಗ್ರಿ ಹೆಚ್ಚಿನ ಬಿಸಿಯಲ್ಲಿಟ್ಟು ನೋಡಿದ 2015ರ ಪ್ರಯೋಗದಲ್ಲಿ ಮರಿಗಳು ಬೇಗ ಬೆಳೆದವು, ಬೇಗ ಮರಿ ಹಾಕಿದವು. ದೊಡ್ಡವು ಬೇಗ ಸತ್ತವು.

ಇಷ್ಟು ಓದಿ "ಹೌದವ್ವಾ, ಖರೆ" ಎಂದು ಹುಡುಗಿಗೆ ಹೇಳಿಬಿಡಬಹುದಿತ್ತು. ಆದರೆ ತಂಪು ಸೀಮೆಯ ಜಾತಿ ಲಕ್ಷಾಂತರ ವರ್ಷಗಳಲ್ಲಿ ಆ ಚಳಿಗೆ ಒಗ್ಗಿಕೊಂಡದ್ದು ಒಂದು ಮಾತು, ಒಂಬತ್ತು ವರ್ಷ ಬೆಚ್ಚಗಿದ್ದ ಒಂದು ಹಲ್ಲಿಯ ಹೀಟರನ್ನು ಈ ಸೋಮವಾರ ಆರಿಸುವುದು ಇನ್ನೊಂದು ಮಾತು. ಹೊಟ್ಟೆಯಲ್ಲಿ ಹುಳ ಇರುವಾಗಲೇ ಮೈ ತಣ್ಣಗಾದರೆ ಅದು ಜೀರ್ಣವಾಗದೆ ಒಳಗೇ ಕೊಳೆಯುತ್ತದೆ. ಒಳಗೊಳಗೇ ರೋಗವಿದ್ದ ಪ್ರಾಣಿ ಚಳಿಯಿಂದ ಎದ್ದು ಬಾರದೆ ಹೋಗಬಹುದು. ಇನ್ನು ಮರಿ ಮಾಡಿಸುವವರು ಇವನ್ನು ಕೆಲವು ವಾರ ತಣ್ಣಗಿಡುವ ವಾಡಿಕೆ ಇದೆಯಲ್ಲ, ಅದು ಆಯುಷ್ಯಕ್ಕಲ್ಲ, ಮೊಟ್ಟೆಗೆ. ಚಳಿ ಕಳೆದ ಮೇಲೆ ಹೆಣ್ಣು ಒಂದೇ ಹಂಗಾಮಿನಲ್ಲಿ ಎರಡೆರಡರಂತೆ ಹಲವು ಸಲ ಮೊಟ್ಟೆಯಿಟ್ಟು ಸೊರಗುತ್ತದೆ. ಚಳಿ ಕೊಟ್ಟದ್ದನ್ನು ಮೊಟ್ಟೆ ಕಸಿದುಕೊಂಡರೆ ಲೆಕ್ಕ ಯಾರಿಗೆ ಒಪ್ಪಿಸುವುದು?

ಎಲ್ಲ ಸರಿಹೋಯಿತು ಎಂದೇ ಇಟ್ಟುಕೊಳ್ಳೋಣ. ಒಂದು ಕಾಗದದ ಮೇಲೆ ಲೆಕ್ಕ ಹಾಕಿದೆ. ಚಳಿಯಿಲ್ಲದೆ ಗುಂಡ 15 ವರ್ಷ ಬದುಕಿದರೆ 180 ತಿಂಗಳು ಎಚ್ಚರ. ವರ್ಷಕ್ಕೆ ಎರಡು ತಿಂಗಳು ಮಂಪರಿನಲ್ಲಿ ಕಳೆದು 18 ವರ್ಷ ಬದುಕಿದರೂ ಎಚ್ಚರ ಇರುವುದು 180 ತಿಂಗಳೇ. (ಅದು ಈಗಾಗಲೇ ಒಂಬತ್ತು ವರ್ಷ ಕಳೆದಿದೆ ಎಂಬುದನ್ನು ಬಿಟ್ಟು ಹಾಕಿದ ಲೆಕ್ಕವಿದು, ಮೇಷ್ಟರ ಅಭ್ಯಾಸ.) ಹುಳ ಹಿಡಿದ ರಾತ್ರಿಗಳು, ಕಲ್ಲಿನ ಮೇಲೆ ಹೊಟ್ಟೆ ಕಾಯಿಸಿಕೊಂಡ ಹೊತ್ತು ಒಂದೂ ಹೆಚ್ಚಾಗಲಿಲ್ಲ. ಹೆಚ್ಚಾದ ಮೂರು ವರ್ಷ ಗೋಡೆಯ ಮೇಲಿನ ಕ್ಯಾಲೆಂಡರಿನವು. ಆ ಕ್ಯಾಲೆಂಡರ್ ಹುಡುಗಿಯದು. ಗುಂಡ 15ಕ್ಕೆ ಹೋದರೆ ಅವಳಿಗೆ ಹದಿನೇಳು, 18ಕ್ಕೆ ಹೋದರೆ ಇಪ್ಪತ್ತು. ಮರುದಿನ ಕೇಳಿದಾಗ ಅವಳೇ ಒಪ್ಪಿಕೊಂಡಳು: "ನಾ ಕಾಲೇಜಿಗೆ ಹೋಗೂತನಾ ಅದು ಇರಬೇಕು ಮಾಮಾ." ಪ್ರೀತಿಯ ಮಾತೇ. ಆದರೆ ಅದು ಅವಳ ಬೇಡಿಕೆ, ಗುಂಡನದ್ದಲ್ಲ.

ಹಾಗೆಂದು ಹೀಟರ್ ಆರಿಸದಿರುವುದೇ ಧರ್ಮ ಎಂದೂ ಹೇಳಲಾರೆ. ಕಲ್ಲುಗುಡ್ಡದಲ್ಲಿದ್ದರೆ ಅದು ಪ್ರತಿ ಚಳಿಗಾಲ ಬಿಲ ಸೇರುತ್ತಿತ್ತು. ವರ್ಷವಿಡೀ ಬೇಸಿಗೆ ಎಂಬುದನ್ನು ಅದಕ್ಕೆ ಹೊರಿಸಿದವರೂ ನಾವೇ. ಹೀಟರ್ ಹಾಕುವುದೂ ನಮ್ಮ ತೀರ್ಮಾನ, ಆರಿಸುವುದೂ ನಮ್ಮ ತೀರ್ಮಾನ. ಪೆಟ್ಟಿಗೆಯಲ್ಲಿಟ್ಟ ದಿನವೇ ಅದರ ಋತುಗಳನ್ನು ನಾವು ಕೈಗೆ ತೆಗೆದುಕೊಂಡಾಯಿತು.

ಅವ್ವನ ಪ್ರಶ್ನೆ ಮತ್ತೆ ಕಾಡಿದ್ದು ಇಲ್ಲಿ. ಅವಳಿಗೆ ದಮ್ಮು. ಮೂರು ಚಳಿಗಾಲದಿಂದ ಬೆಳಿಗ್ಗೆ ಎಂಟರ ಮುಂಚೆ ಅವಳನ್ನು ಹೊರಗೆ ಬಿಟ್ಟಿಲ್ಲ. ಅದಕ್ಕೂ ಮೊದಲು ನಲವತ್ತು ವರ್ಷ ದಿನಾ ನಸುಕಿನಲ್ಲಿ ಗೆಳತಿಯರೊಂದಿಗೆ ಕೆಲಗೇರಿ ಕೆರೆಯ ದಂಡೆಯ ತನಕ ನಡೆದವಳು. ಡಾಕ್ಟರು ಹೇಳಿದ್ದು ತಣ್ಣನೆ ಗಾಳಿಯಲ್ಲಿ ಹುಷಾರು ಎಂದಷ್ಟೇ. ಬಾಗಿಲಿಗೆ ಚಿಲಕ ಹಾಕಿದ್ದು ನಾನು. ಅವಳು ಒಂದೆರಡು ಸಲ ಗೊಣಗಿದಳು, ಆಮೇಲೆ ಸುಮ್ಮನಾದಳು. ಆ ಸುಮ್ಮನಿರುವಿಕೆಯನ್ನು ನಾನು ಒಪ್ಪಿಗೆ ಎಂದುಕೊಂಡಿದ್ದೆ.

ಹಲ್ಲಿ ಗೊಣಗುವುದಿಲ್ಲ, ಆದರೆ ಕಾಲಲ್ಲಿ ಹೇಳುತ್ತದೆ. 1944ರಲ್ಲೇ ಕೌಲ್ಸ್ ಮತ್ತು ಬೋಗರ್ಟ್ ಮರುಭೂಮಿಯ ಸರೀಸೃಪಗಳನ್ನು ನೋಡಿ ಬರೆದಿದ್ದರು: ಅವು ಬಿಸಿಲು ನೆರಳುಗಳ ನಡುವೆ ಓಡಾಡಿ ತಮಗೆ ಬೇಕಾದ ಮೈಬಿಸಿಯನ್ನು ತಾವೇ ಇಟ್ಟುಕೊಳ್ಳುತ್ತವೆ. ಹುಡುಗಿಗೆ ಅದನ್ನೇ ಹೇಳಿದೆ. ಮೊದಲು ಪಶುವೈದ್ಯರಿಗೆ ತೋರಿಸು. ಹೀಟರ್ ಆರಿಸಬೇಡ. ಪೆಟ್ಟಿಗೆಯ ಒಂದು ತುದಿ ಬೆಚ್ಚಗಿರಲಿ, ಇನ್ನೊಂದು ತುದಿ ತಂಪಿರಲಿ, ಎರಡೂ ಕಡೆ ಅವಿತುಕೊಳ್ಳಲು ಜಾಗ ಮಾಡು. ಅದು ಎಲ್ಲಿ ಕೂಡುತ್ತದೋ ಬರೆದಿಡು.

"ಅದು ತಂಪಿನ ಕಡೀಗೇ ಹೋಗದಿದ್ರ?"

"ಹೋಗದಿದ್ರ ಇಲ್ಲ."

ಅವಳಿಗೆ ಈ ಉತ್ತರ ರುಚಿಸಲಿಲ್ಲ. ಆದರೂ ಜನವರಿಯಲ್ಲಿ ನೋಟ್‌ಬುಕ್ಕಿನ ಒಂದು ಪುಟದ ಫೋಟೊ ಕಳಿಸಿದಳು. ಗುಂಡ ಮೂರು ದಿನ ತಂಪಿನ ಮೂಲೆಯ ಮಡಕೆಚೂರಿನ ಕೆಳಗೆ, ಒಂದು ದಿನ ಬಿಸಿಯಲ್ಲಿ, ಮತ್ತೆ ಎರಡು ದಿನ ತಂಪಿನಲ್ಲಿ. ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ.

ಆ ಫೋಟೊವನ್ನು ಅವ್ವನಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿದಳು, ಏನೂ ಅನ್ನಲಿಲ್ಲ. ಆ ರಾತ್ರಿ ನಾನು ಬಾಗಿಲಿಗೆ ಮೇಲಿನ ಚಿಲಕ ಹಾಕಲಿಲ್ಲ. ಅವಳ ಕೈಗೆಟುಕುವ ಕೆಳಗಿನದನ್ನಷ್ಟೇ ಹಾಕಿದೆ. ಬೆಳಗಿನ ಆರೂವರೆಗೆ ಅದು ಸರಿದ ಸದ್ದು ಕೇಳಿತು. ಸ್ವಲ್ಪ ಹೊತ್ತು ಹಾಗೇ ಮಲಗಿದ್ದೆ. ಆಮೇಲೆ ತಡೆಯಲಾರದೆ ಮಫ್ಲರ್ ಹಿಡಿದುಕೊಂಡು ಗೇಟಿನ ತನಕ ಓಡಿದೆ. ಅಷ್ಟರಲ್ಲಿ ಅವ್ವ ಓಣಿಯ ತಿರುವು ದಾಟಿದ್ದಳು.